ಗಾಜಪ್ಪ ಬಿಸಿಲು ಕಾಯಿಸಿದ್ದು

ಗಾಜಿನ ಅಂಗಡಿಯವನನ್ನು ಬೀದಿಯವರೆಲ್ಲ ಗಾಜಪ್ಪ ಎಂದೇ ಕರೆಯುತ್ತಿದ್ದರು. ಅವನ ಸ್ವಂತ ಹೆಸರು ಹೆಂಡತಿಗೂ ಆಸ್ಪತ್ರೆಯ ಚೀಟಿ ಬರೆಸುವಾಗಲೇ ನೆನಪಾಗುತ್ತಿತ್ತು. ನಲವತ್ತು ವರ್ಷ ಅವನು ಗಾಜು ಕೊಯ್ದಿದ್ದ. ನೋಡುವವರಿಗೆ ಅದೇನು ಮಹಾ ಕೆಲಸವಲ್ಲ. ಕಂಬಳಿ ಹಾಸಿದ ಮೇಜಿನ ಮೇಲೆ ಗಾಜು ಮಲಗಿಸಬೇಕು, ಅಳತೆಪಟ್ಟಿ ಒತ್ತಿ ಹಿಡಿಯಬೇಕು, ಕೊಯ್ಯುವ ಕಡ್ಡಿಯನ್ನು ಆ ತುದಿಯಿಂದ ಈ ತುದಿಗೆ ಒಂದೇ ಸಲ ಎಳೆಯಬೇಕು. ಎರಡನೇ ಸಲ ಎಳೆಯುವ ಹಾಗಿಲ್ಲ. ನಡುವೆ ಕೈ ತಡವರಿಸಿತೋ, ಗಾಜು ತನಗೆ ತೋಚಿದ ದಾರಿಯಲ್ಲಿ ಸೀಳಿಕೊಂಡು ಹೋಗುತ್ತದೆ.

ಕೇಡು ಬಂದದ್ದು ಆ ಕೈಗೇ. ಬೆಳಿಗ್ಗೆ ಎದ್ದರೆ ಬೆರಳ ಗೆಣ್ಣುಗಳು ಊದಿಕೊಂಡು, ಅಂಗಿಯ ಗುಂಡಿ ಹಾಕಲು ಹೆಂಡತಿಯನ್ನು ಕೂಗಬೇಕಾಗಿತ್ತು. ಕೀಲುಗಳ ಉರಿಯೂತ ಎಂದು ಆಸ್ಪತ್ರೆಯಲ್ಲಿ ಹೇಳಿ ಮಾತ್ರೆ ಕೊಟ್ಟಿದ್ದರು. ಊತ ಅರ್ಧ ಇಳಿಯಿತು, ಅರ್ಧ ಅಲ್ಲೇ ಬಿಡಾರ ಹೂಡಿತು. ಎರಡು ತಿಂಗಳಲ್ಲಿ ಮೂರು ದೊಡ್ಡ ಗಾಜಿನ ಹಲಗೆ ಒಡೆದ ಮೇಲೆ ಕೊಯ್ಯುವ ಕಡ್ಡಿ ಮಗಳ ಕೈ ಸೇರಿತು. ಅವಳು ತೆಗೆದುಕೊಂಡೆ ಎನ್ನುತ್ತಿದ್ದಳು, ಇವನು ಕಸಿದುಕೊಂಡಳು ಎನ್ನುತ್ತಿದ್ದ.

"ಕೈ ಸರಿಹೋಗಲಿ ಅಪ್ಪ, ವಾಪಸ್ ಕೊಡ್ತೀನಿ" ಎಂದಿದ್ದಳು ಮಗಳು. ಆ ದಿನದಿಂದ ಗಾಜಪ್ಪನಿಗೆ ಅದೊಂದೇ ಧ್ಯಾನ.

ಮುಂದಿನ ಸಲ ರಕ್ತ ಪರೀಕ್ಷೆ ಮಾಡಿದಾಗ ವಿಟಮಿನ್ ಡಿ ಒಂಬತ್ತು ಎಂದು ಬಂತು. ಇಪ್ಪತ್ತಾದರೂ ಇರಬೇಕಂತೆ. ವೈದ್ಯೆ ಹೆಚ್ಚುಕಡಿಮೆ ಮಗಳ ವಯಸ್ಸಿನವಳು, ಆದರೆ ತಾಳ್ಮೆಯವಳು. ಬಿಸಿಲು ಬಿದ್ದರೆ ಚರ್ಮವೇ ಇದನ್ನು ಮಾಡಿಕೊಳ್ಳುತ್ತದೆ, ಮೂಳೆಗೂ ಮಾಂಸಖಂಡಕ್ಕೂ ಇದು ಬೇಕು, ಮೈಯೊಳಗಿನ ಊತ ಉರಿ ಹದ್ದುಬಸ್ತಿನಲ್ಲಿರುವುದಕ್ಕೂ ಇದರ ಕೈಯಿದೆ ಎಂದು ಬಿಡಿಸಿ ಹೇಳಿದಳು. ಬಹಳ ದಿನದ ಕಾಯಿಲೆಯವರಲ್ಲಿ ಇದು ಕಡಿಮೆಯೇ ಇರುತ್ತದೆ. ಕಡಿಮೆಯಾದದ್ದರಿಂದ ಕಾಯಿಲೆಯೋ, ಕಾಯಿಲೆಯಿಂದ ಕಡಿಮೆಯೋ, ಅದು ಇನ್ನೂ ಪೂರ್ತಿ ತೀರ್ಮಾನವಾಗಿಲ್ಲ. ಹಾಗಾಗಿ ಕೀಲಿನ ಮಾತ್ರೆ ಬಿಡಬಾರದು, ಜೊತೆಗೆ ವಾರಕ್ಕೊಂದು ಡಿ ಮಾತ್ರೆ ತೆಗೆದುಕೊಳ್ಳಬೇಕು ಎಂದಳು.

ಈಗಾಗಲೇ ಐದು ಮಾತ್ರೆ ನುಂಗುತ್ತಿದ್ದ ಗಾಜಪ್ಪ ಆರನೆಯದಕ್ಕೆ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಬಿಸಿಲು ಪುಕ್ಕಟೆ ಬಿದ್ದಿರುವಾಗ ಮಾತ್ರೆ ಯಾಕೆ ಎಂದು ಚೌಕಾಸಿಗೆ ನಿಂತ. ಕೊನೆಗೆ ಒಪ್ಪಂದವಾಯಿತು: ಮೂರು ತಿಂಗಳು ದಿನಾ ನಡುಮಧ್ಯಾಹ್ನ ಇಪ್ಪತ್ತು ನಿಮಿಷ ಕೈಕಾಲಿಗೆ ಬಿಸಿಲು ಕಾಯಿಸುವುದು, ಆಮೇಲೆ ಮತ್ತೆ ಪರೀಕ್ಷೆ.

ಆದರೆ ಬೀದಿಯಲ್ಲಿ ಧೂಳು, ಮಹಡಿಯ ಮೇಲೆ ಗಾಳಿ. ಇದ್ದುದರಲ್ಲಿ ಅನುಕೂಲ ಅಂಗಡಿಯ ಮುಂಭಾಗ. ಯಾರಿಗೂ ಮಾರಲು ಮನಸ್ಸಾಗದೆ ವರ್ಷಾನುಗಟ್ಟಲೆ ಇಟ್ಟುಕೊಂಡಿದ್ದ ತಿಳಿಗಾಜಿನ ದೊಡ್ಡ ಹಲಗೆಯನ್ನು ಅಲ್ಲಿ ಕೂರಿಸಿ, ಎರಡು ಹೊತ್ತು ಒರೆಸಿ, ಅದರ ಹಿಂದೆ ಚಡ್ಡಿ ಹಾಕಿಕೊಂಡು ಕುರ್ಚಿಯಲ್ಲಿ ಕೂತ. ದಾರಿಯಲ್ಲಿ ಹೋಗುತ್ತಿದ್ದ ಅವನ ತಂಗಿ ನಿಂತು, ಮೇಲಿಂದ ಕೆಳಗೆ ನೋಡಿ, "ಏನಣ್ಣ, ಮಾರಾಟಕ್ಕಿದ್ದೀಯಾ?" ಎಂದಳು. ಅವನು ಬಗ್ಗಲಿಲ್ಲ. ಇಪ್ಪತ್ತು ನಿಮಿಷವನ್ನು ನಲವತ್ತು ಮಾಡಿದ. ದಿನಕ್ಕೊಂದು ಬನಿಯನ್ ಹಿಂಡುವಷ್ಟು ಬೆವರಿದ.

ಮೂರು ತಿಂಗಳಾದ ಮೇಲೆ ನೋಡಿದರೆ ಏಳು.

ಚೀಟಿ ಅದಲುಬದಲಾಗಿದೆ ಎಂದು ಗಾಜಪ್ಪ ಆಸ್ಪತ್ರೆಯಲ್ಲಿ ಜಗಳ ತೆಗೆದ. ಎಲ್ಲಿ ಕೂತಿರಿ ಎಂದು ವೈದ್ಯೆ ಕೇಳಿದಳು. ಅವನು ಹೆಮ್ಮೆಯಿಂದಲೇ ವರ್ಣಿಸಿದ. ಅವಳು ಪೆನ್ನು ಕೆಳಗಿಟ್ಟಳು.

"ಗಾಜಿನ ಹಿಂದೆನಾ?"

"ಅಂಥ ಗಾಜು ಈ ಊರಲ್ಲಿ ಇನ್ನೊಂದಿಲ್ಲಮ್ಮ. ಇದೆಯೋ ಇಲ್ವೋ ಅಂತಾನೇ ಗೊತ್ತಾಗಲ್ಲ."

"ಬೆಳಕು ಬರುತ್ತೆ, ಬಿಸಿ ಬರುತ್ತೆ. ಚರ್ಮಕ್ಕೆ ಬೇಕಾದ ಕಿರಣ ಮಾತ್ರ ಗಾಜಲ್ಲೇ ನಿಂತುಬಿಡುತ್ತೆ. ಮೂರು ತಿಂಗಳು ನೀವು ಬರೀ ಬೆವರಿದ್ದೀರಿ."

ಅದು ಕಳಪೆ ಗಾಜಿನ ಮಾತಿರಬೇಕು ಎಂದ ಗಾಜಪ್ಪ. ಜೊತೆಗೆ ಬಂದಿದ್ದ ಮಗಳು ಗೋಡೆಯ ಕಡೆ ತಿರುಗಿ ನಿಂತಿದ್ದಳು. ಅವಳ ಭುಜ ಮಾತ್ರ ಕುಲುಕುತ್ತಿತ್ತು. ನಲವತ್ತು ವರ್ಷ ಜೊತೆಗಿದ್ದ ಪಾಲುದಾರ ಬೆನ್ನ ಹಿಂದೆ ಏನೋ ಎತ್ತಿಡುತ್ತಿದ್ದ ಎಂದು ಗೊತ್ತಾದವನ ಹಾಗೆ ಗಾಜಪ್ಪ ಮನೆಯವರೆಗೂ ಮುಖ ಮಾಡಿಕೊಂಡಿದ್ದ.

ಆರನೇ ಮಾತ್ರೆಯೂ ಶುರುವಾಯಿತು, ಬೀದಿಬದಿಯ ಬೆಂಚೂ ಶುರುವಾಯಿತು. ನಾಲ್ಕು ತಿಂಗಳಿಗೆ ಮೂವತ್ತೊಂದು ಬಂತು. ಅಷ್ಟರಲ್ಲಿ ಕೀಲಿನ ಮಾತ್ರೆಯನ್ನೂ ಬದಲಾಯಿಸಿದ್ದರು. ಊತ ಇಳಿದದ್ದು ಬಿಸಿಲಿನಿಂದ ಎಂದು ಗಾಜಪ್ಪ, ಹೊಸ ಮಾತ್ರೆಯಿಂದಲೇ ಇರಬೇಕು ಎಂದು ವೈದ್ಯೆ, ತಾನು ತಿಕ್ಕಿದ ಎಣ್ಣೆಯಿಂದ ಎಂದು ಹೆಂಡತಿ. ಅಂತೂ ಗುಂಡಿ ತಾನೇ ಹಾಕಿಕೊಳ್ಳುವಂತಾದ. ಮುಂದಿನ ದೊಡ್ಡ ಕೆಲಸ ನಿನ್ನದೇ ಎಂದು ಮಗಳು ಮಾತು ಕೊಟ್ಟಳು.

ಆ ಕೆಲಸ ಮರುವಾರವೇ ಬಂತು. ಒಬ್ಬಾಕೆ ಬಂದು, ಬಾಲ್ಕನಿಗೆ ನೆಲದಿಂದ ಸೂರಿನವರೆಗೆ ಗಾಜು ಹಾಕಬೇಕು, ಅತ್ತೆಗೆ ಬಿಸಿಲಲ್ಲಿ ಕೂರಲು ಹೇಳಿದ್ದಾರೆ, ಗಾಳಿಗೆ ಕೆಮ್ಮು ಬರುತ್ತದೆ ಎಂದಳು. ಆಳೆತ್ತರದ ನಾಲ್ಕು ಹಲಗೆ. ಮಗಳು ಕೊಯ್ಯುವ ಕಡ್ಡಿ ತಂದು ಅಪ್ಪನ ಮುಂದಿಟ್ಟಳು.

ಗಾಜಪ್ಪನ ಕೈ ಅದರ ಮೇಲೆ ಹೋಯಿತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅವನು ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಬಿಸಿಲು ಯಾತಕ್ಕಮ್ಮ, ಬೆಚ್ಚಗಿರೋಕಾ, ಮೂಳೆಗಾ?"

"ಮೂಳೆಗೆ."

"ಹಾಗಾದ್ರೆ ಗಾಜು ಬೇಡ."

ಗಾಜಿನ ಅಂಗಡಿಯವನೇ ಗಾಜು ಬೇಡ ಅಂದರೆ ಯಾರು ನಂಬುತ್ತಾರೆ? ಕೆಲಸ ಮಾಡಲು ಸೋಮಾರಿತನವೇ ಎಂದು ಆಕೆ ಕೇಳಿಯೇಬಿಟ್ಟಳು. ಆಗ ಗಾಜಪ್ಪ ತನ್ನ ಮೂರು ತಿಂಗಳ ಕಥೆಯನ್ನು ಚಡ್ಡಿ, ಕುರ್ಚಿ, ತಂಗಿಯ ಮಾತು ಒಂದನ್ನೂ ಬಿಡದೆ ಹೇಳಿದ. ಅದನ್ನು ಅವನೇ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆಕೆ ನಕ್ಕು ನಕ್ಕು ಕುರ್ಚಿ ಹುಡುಕಿ ಕೂತಳು. ಕೊನೆಗೆ ಗಾಳಿ ನುಗ್ಗುವ ಎರಡು ಪಕ್ಕಕ್ಕೆ ಮಾತ್ರ ಗಾಜು, ಬಿಸಿಲು ಬೀಳುವ ಎದುರು ಭಾಗ ಬಯಲು ಎಂದು ತೀರ್ಮಾನವಾಯಿತು. ನಾಲ್ಕು ದೊಡ್ಡ ಹಲಗೆ ಹೋಗಿ ಎರಡು ಸಣ್ಣ ತುಂಡು ಉಳಿದವು.

ಮೊದಲನೆಯದನ್ನು ಗಾಜಪ್ಪ ಕೊಯ್ದ. ಕಡ್ಡಿ ಎಲ್ಲೂ ನಿಲ್ಲದೆ ಸರ್ರನೆ ಹೋಯಿತು. ಮಗಳು ಅಡಿಯಿಂದ ತಟ್ಟಿದರೆ ದಾರ ಹಿಡಿದಂತೆ ಎರಡಾಯಿತು. ಎರಡನೆಯದಕ್ಕೆ ಕೈಯಿಟ್ಟವನು ಬೆರಳೊಳಗಿಂದ ಸಣ್ಣಗೆ ಚಳುಕು ಬಂದದ್ದು ಕಂಡು, ಕಡ್ಡಿಯನ್ನು ಮಗಳ ಕಡೆ ಚಾಚಿದ.

"ನೋವಾ ಅಪ್ಪ?"

"ಒಂದು ನಂದು, ಒಂದು ನಿಂದು."

ಅವಳು ಪಟ್ಟಿ ಒತ್ತಿ ಹಿಡಿದು ಕಡ್ಡಿ ಎಳೆದಳು. ಆ ತುದಿಯಿಂದ ಈ ತುದಿಯವರೆಗೂ ಗಾಜಪ್ಪ ಬಗ್ಗಿ ತಪ್ಪು ಹುಡುಕಿದ. ಸಿಗಲಿಲ್ಲ.