ಜಯಮ್ಮನ ಫೋನು, ಬೀದಿಯ ಕಿವಿ

ಕೊರೊನಾ ಕಾಲದಲ್ಲಿ ಹಾಸನದ ಕಚೇರಿಯೊಂದರಲ್ಲಿ ಕೂತು, ಆಶಾ ಕಾರ್ಯಕರ್ತೆಯರಿಗೂ ಮೇಷ್ಟ್ರುಗಳಿಗೂ ಫೋನ್ ಮಾಡಿ ಮನಸ್ಸು ಹೇಗಿದೆ ಎಂದು ವಿಚಾರಿಸುವುದು ನನ್ನ ಕೆಲಸವಾಗಿತ್ತು. ಅವರು ಒಬ್ಬರೇ ಇರುವಾಗ ಮಾತ್ರ ಮಾತಾಡಿಸಬೇಕು, ಅದು ಕಟ್ಟುನಿಟ್ಟಿನ ನಿಯಮ.

ನುಗ್ಗೇಹಳ್ಳಿ ಕಡೆಯ ಆಶಾ ಕಾರ್ಯಕರ್ತೆ ಜಯಮ್ಮನಿಗೆ ಫೋನ್ ಮಾಡಿ, "ಒಬ್ಬರೇ ಇದ್ದೀರಾ?" ಎಂದೆ.

"ಊಂ ಸಾ, ಜಗಲಿ ಮೇಲೆ ಒಬ್ಳೇ ಕುಂತಿವ್ನಿ."

"ಅಕ್ಕಪಕ್ಕದವರು ಮಾತಾಡಿಸ್ತಾರಾ?"

"ಇಲ್ಲ ಸಾ. ಕೊರೊನಾ ಬಂದ ಮನೆಗೆಲ್ಲಾ ಓಗಿ ಬತ್ತೀನಲ್ಲ, ನನ್ನ ಕಂಡ್ರೆ ಬಾಗ್ಲು ಆಕ್ಕೊತಾರೆ. ಉಂಡ್ಯಾ ಅಂತ ಒಬ್ರೂ ಕೇಳಾಕಿಲ್ಲ."

ನಾನು ಸಮಾಧಾನ ಹೇಳುವಷ್ಟರಲ್ಲಿ ಇನ್ಯಾರದೋ ದನಿ ನುಗ್ಗಿತು. "ಅಯ್ಯೋ ನಿನ್ನ! ಯಾರೂ ನನ್ ತಾವ ಬರ್ಬ್ಯಾಡಿ, ಬಾಗ್ಲಾಕ್ಕೊಳಿ ಅಂತ ಮೈಕಲ್ಲಿ ಕೂಗಿದ್ದು ನೀನೇ ಕಣೆ!"

"ನಿನ್ ಮಾತೇ ಕಣೆ ನಾವು ಕೇಳಿದ್ದು!" ಎಂದಿತು ಎದುರುಮನೆ.

ಸ್ಯಾನಿಟೈಸರ್ ಸುರಿದು ಸುರಿದು ಜಯಮ್ಮನ ಫೋನು ಕೆಟ್ಟು, ಸ್ಪೀಕರಿನಲ್ಲಷ್ಟೇ ಕೇಳಿಸುತ್ತಿತ್ತಂತೆ. ನಮ್ಮ ಗುಟ್ಟಿನ ಮಾತನ್ನು ಇಡೀ ಬೀದಿ ಬಾಗಿಲ ಸಂದಿಯಲ್ಲಿ ನಿಂತು ಕೇಳಿತ್ತು!

"ಒಸ್ಲ ತಾವ ಮುದ್ದೆ ಮಡಗ್ತೀನಿ, ಬಂದು ತಕಂಡೋಗು" ಎಂದು ಒಬ್ಬಾಕೆ ಕೂಗಿದರೆ, "ನಮ್ಮನೇದು ಉಪ್ಸಾರು ಕಣೆ, ಇಲ್ಲಿಗೇ ಬಾ" ಎಂದು ಇನ್ನೊಬ್ಬಾಕೆ. ಜಯಮ್ಮ ಅಳುತ್ತಲೇ ನಗುತ್ತಿದ್ದರು. ಇತ್ತ ನಾನು ಕುರ್ಚಿಯಿಂದೆದ್ದು ಕುಣಿಯುವುದೊಂದೇ ಬಾಕಿ. ನನ್ನನ್ನು ಎಲ್ಲರೂ ಮರೆತೇಬಿಟ್ಟಿದ್ದರು.

ಆಮೇಲೂ ನಿಯಮ ಮುರಿಯಲಿಲ್ಲ. ಯಾರಿಗೆ ಫೋನ್ ಮಾಡಿದರೂ "ಒಬ್ಬರೇ ಇದ್ದೀರಾ?" ಎಂದೇ ಶುರುಮಾಡುತ್ತಿದ್ದೆ. ಹೌದು ಅಂದರೆ ಮಾತ್ರ ನನಗೆ ಸ್ವಲ್ಪ ಬೇಜಾರಾಗುತ್ತಿತ್ತು.