ಎರಡೂ ಬೆರಳಿಗೆ ಶಾಯಿ

ಮೂರು ವರ್ಷ ನಾನು ಮನೆಯಲ್ಲಿ ಹೇಳಿಕೊಂಡು ಬಂದದ್ದು ಒಂದೇ ಮಾತು: ವಾಕಿಂಗಿಗೆ ಹೋಗುತ್ತೇನೆ. ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ನಡೆಯಲು ಹೇಳಿದ್ದರು. ಹಗರಿಬೊಮ್ಮನಹಳ್ಳಿಯ ನಮ್ಮ ಓಣಿಯಿಂದ ಹಡಗಲಿ ರಸ್ತೆಯ ಪೆಟ್ರೋಲ್ ಬಂಕಿನವರೆಗೆ ನಡೆಯುತ್ತಿದ್ದೆ. ಬಂಕ್ ದಾಟಿದ ಮೇಲೆ, ನೋಡುವವರು ಇಲ್ಲವೆಂದು ಖಾತ್ರಿಯಾದ ಮೇಲೆ, ವೇಲನ್ನು ಸೊಂಟಕ್ಕೆ ಬಿಗಿದು ಓಡುತ್ತಿದ್ದೆ. ಬ್ಲೌಸ್ ಹೊಲಿಯುವ ನಲವತ್ತನಾಲ್ಕು ವರ್ಷದ ಹೆಂಗಸು ಬೆಳಗಿನ ಐದೂವರೆಗೆ ಡಾಂಬರು ರಸ್ತೆಯಲ್ಲಿ ಓಡಬೇಕೆಂದರೆ ಊರಿಗೆ ಒಂದು ಕಾರಣ ಕೊಡಬೇಕಾಗುತ್ತದೆ. ನನ್ನ ಬಳಿ ಇದ್ದದ್ದು ಒಂದೇ ಕಾರಣ. ಓಡುವಾಗ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಅದನ್ನು ಹೇಳಿದರೆ ಮನೆಯವರು ಬೇಜಾರು ಮಾಡಿಕೊಳ್ಳುತ್ತಾರೆ.

ಆ ಶನಿವಾರ ಬಂಕಿನಿಂದ ಎರಡು ಕಿಲೋಮೀಟರ್ ಆಚೆ ಎಡಗಾಲಿನ ಮೀನಖಂಡದಲ್ಲಿ ಏನೋ ಪಟ್ಟೆಂದಿತು. ಹಿಂದಿನಿಂದ ಯಾರೋ ಕಲ್ಲು ಹೊಡೆದರೆಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಹೆಜ್ಜೆ ಊರಲು ಆಗಲಿಲ್ಲ. ಹಡಗಲಿಯಿಂದ ಬರುವ ಮೊದಲ ಬಸ್ಸು ಬಂದು ನಿಂತಿತು. ಕಂಡಕ್ಟರ್ ನನ್ನನ್ನು ಮಲ್ಲಿಗೆ ಮೊಗ್ಗಿನ ಚೀಲಗಳ ನಡುವೆ ಕೂರಿಸಿ, "ದಿನಾ ಓಡ್ತಿದ್ರಿ, ಇವತ್ತೇನಾತ್ರಿ?" ಅಂದ. ಮೂರು ವರ್ಷ ಗುಟ್ಟು ಕಾಪಾಡಿದ್ದೇನೆ ಅಂದುಕೊಂಡಿದ್ದೆ, ಇಡೀ ಬಸ್ಸಿಗೇ ಗೊತ್ತಿತ್ತು.

ಉಳಿದದ್ದನ್ನು ಕೊಟ್ಟೂರಿನ ಮೂಳೆ ಡಾಕ್ಟರು ಮಾಡಿದರು. ನನ್ನ ಗಂಡ ಪಕ್ಕದಲ್ಲೇ ಕೂತಿದ್ದರು. ಡಾಕ್ಟರು ಕಾಲು ಒತ್ತಿ ನೋಡಿ, "ವಾಕಿಂಗ್ ಮಾಡೋರಿಗೆ ಸ್ನಾಯು ಹಿಂಗ ಹರಿಯಂಗಿಲ್ರಿ. ಇವರು ಓಡ್ಯಾರ. ಜೋರಾಗೇ ಓಡ್ಯಾರ" ಅಂದರು. ಒಂದು ವಾರ ಕಾಲು ಊರುವುದು ಕಡಿಮೆ ಮಾಡಬೇಕು, ಆಮೇಲೆ ಮೆಲ್ಲಗೆ ನಡೆಯಬಹುದು, ಓಟ ಒಂದೂವರೆ ತಿಂಗಳು ಬೇಡ. ನಾನು ತಲೆಯಾಡಿಸಿದೆ. ಮನಸ್ಸಿಗೆ ಏನೂ ಅನ್ನಿಸಲಿಲ್ಲ. ಐಸ್ ಇಟ್ಟ ಕಾಲು ಹೇಗಿತ್ತೋ ನಾನೂ ಹಾಗೇ ಇದ್ದೆ.

ನನ್ನ ಗಂಡ ಬೈಯುವವರಲ್ಲ. ಗೊಬ್ಬರದ ಅಂಗಡಿ ನಡೆಸುವವರು, ಗಿರಾಕಿಗಳ ಜೊತೆ ಮಾತಾಡಿ ಮಾತಾಡಿ ತಾಳ್ಮೆ ಬಂದಿದೆ. ಮನೆಗೆ ಬಂದವರೇ ನನ್ನ ಶೂಗಳನ್ನು ಚೀಲಕ್ಕೆ ಹಾಕಿ ಅಟ್ಟಕ್ಕೆ ಎಸೆದರು.

"ಸಾಕಿನ್ನ. ಬೇಕಂದ್ರ ಮನ್ಯಾಗ ಮಷಿನ್ ತಂದ್ಕೊಡ್ತೀನಿ, ಅದರ ಮ್ಯಾಲೆ ನಡಿ. ರಸ್ತಿಗೆ ಮಾತ್ರ ಬ್ಯಾಡ."

ಪ್ರೀತಿಯಿಂದಲೇ ಹೇಳಿದರು. ಬೈದಿದ್ದರೆ ಜಗಳವಾಡಬಹುದಿತ್ತು. ನನ್ನ ದಿನದಲ್ಲಿ ನನ್ನದು ಅಂತ ಇದ್ದದ್ದು ಆ ಒಂದು ಗಂಟೆ. ಅದು ಅಟ್ಟ ಹತ್ತಿದಾಗ ಅಳಬೇಕಿತ್ತು. ಅಳು ಬರಲಿಲ್ಲ, ಹೊಲಿಗೆ ಯಂತ್ರದ ಮುಂದೆ ಕೂತು ಒಂದೇ ಕಾಲಲ್ಲಿ ಪೆಡಲ್ ತುಳಿಯಲು ನೋಡಿದೆ. ಅದೂ ಆಗಲಿಲ್ಲ.

ಮಂಗಳವಾರ ಮತದಾನವಿತ್ತು. ಹಾಗಾಗಿ ಭಾನುವಾರ, ಸೋಮವಾರ ಮನೆ ಮನೆಗೆ ಬರುವವರು ನಮ್ಮಲ್ಲಿಗೂ ಬಂದರು. ಕಾಲು ಮುಟ್ಟಲು ಬಗ್ಗಿದವರು ಕಟ್ಟಿದ ಬ್ಯಾಂಡೇಜ್ ನೋಡಿ ಅರ್ಧಕ್ಕೇ ನಿಂತು ಕೈ ಮುಗಿದರು. ಒಂದು ಪಕ್ಷದವರು ನೋವಿಗೆ ಹಚ್ಚುವ ಎಣ್ಣೆಯ ಹೆಸರು ಹೇಳಿದರು, ಇನ್ನೊಂದು ಪಕ್ಷದವರು ಆ ಎಣ್ಣೆಯಿಂದ ಏನೂ ಉಪಯೋಗವಿಲ್ಲ ಅಂದರು. ನನ್ನ ಆರೋಗ್ಯದ ಬಗ್ಗೆ ಇಷ್ಟು ಜನ ವಿಚಾರಿಸಿದ್ದು ಅದೇ ಮೊದಲು. ಬುಧವಾರದಿಂದ ಯಾರೂ ಬರಲಿಲ್ಲ.

ನಮ್ಮ ಮನೆಯಲ್ಲಿ ಒಂದು ಪದ್ಧತಿ. ಚುನಾವಣೆಯ ಹಿಂದಿನ ಸಂಜೆ ಚಹಾ ಕುಡಿಯುವಾಗ ನನ್ನ ಗಂಡ ಯಾರಿಗೆ ಹಾಕಬೇಕೆಂದು ಹೇಳುತ್ತಾರೆ. "ನಮ್ಮ ಮನಿ ಮೂರು ವೋಟೂ ಒಂದ ಕಡೆ ಬೀಳ್ಬೇಕು" ಅನ್ನುತ್ತಾರೆ. ಅತ್ತೆ ಬಟ್ಟಲಿನಿಂದ ತಲೆ ಎತ್ತದೆ ಹೂಂ ಅನ್ನುತ್ತಾರೆ. ನಾನೂ ಹೂಂ ಅನ್ನುತ್ತೇನೆ. ಮದುವೆಯಾದಾಗಿನಿಂದ ಹೀಗೆ ಹೂಂ ಅಂದು, ರಟ್ಟಿನ ಮರೆಗೆ ಹೋಗಿ, ನನಗೆ ತೋಚಿದ್ದನ್ನು ಒತ್ತಿ ಬಂದಿದ್ದೇನೆ. ಅದರ ಹಿಂದೆ ದೊಡ್ಡ ವಿಚಾರವೇನೂ ಇಲ್ಲ. ಒಮ್ಮೆ ಗುರುತು ಹೊಲಿಗೆ ಯಂತ್ರ ಅನ್ನುವ ಕಾರಣಕ್ಕೇ ಒಬ್ಬ ಪಕ್ಷೇತರನಿಗೆ ಹಾಕಿದ್ದೆ. ನಾನು ಹಾಕಿದವರು ಎಂದೂ ಗೆದ್ದಿಲ್ಲ. ಅವರು ಹೇಳಿದವರು ಗೆದ್ದಾಗಲೂ ನಮ್ಮ ಓಣಿಯ ಚರಂಡಿ ಇದ್ದ ಹಾಗೇ ಇದೆ. ಆದರೂ ಆ ಮರೆಯಲ್ಲಿ ನಿಂತ ಅರ್ಧ ನಿಮಿಷ ನನಗೆ ಇಷ್ಟ. ಬಂಕ್ ದಾಟಿದ ಮೇಲಿನ ರಸ್ತೆಯ ಹಾಗೆ, ಅಲ್ಲಿಗೂ ಯಾರೂ ಬರುವುದಿಲ್ಲ.

ಈ ಸಲ ಬರುವವರಿದ್ದರು. ಮತಗಟ್ಟೆಯಿದ್ದ ಶಾಲೆಯ ಬಾಗಿಲಲ್ಲಿ ಗಾಲಿಕುರ್ಚಿ ತಂದರು, ನಾನು ಕೂರಲಿಲ್ಲ, ಗೋಡೆ ಹಿಡಿದು ಒಳಗೆ ಹೋದೆ. ನನ್ನ ಗಂಡ ಒಂದು ಕೈಯಲ್ಲಿ ನನ್ನ ರಟ್ಟೆ, ಇನ್ನೊಂದರಲ್ಲಿ ಅತ್ತೆಯ ರಟ್ಟೆ ಹಿಡಿದಿದ್ದರು. ಅತ್ತೆಗೆ ಎರಡೂ ಕಣ್ಣಲ್ಲಿ ಪೊರೆ ಬಂದು ಮುಖಗಳು ಮಸುಕಾಗಿವೆ. ಬೆರಳಿಗೆ ಶಾಯಿ ಹಚ್ಚಿಸಿಕೊಂಡು ನಾನು ಮರೆಯ ಕಡೆ ತಿರುಗಿದೆ. ಅವರು ಕೈ ಬಿಡಲಿಲ್ಲ.

"ಸಾಹೇಬ್ರ, ಈಕಿಗೆ ನಿಲ್ಲಾಕ ಆಗಂಗಿಲ್ಲ. ನಾನು ಜೋಡಿ ಹೋಗಿ ಒತ್ತಸ್ತೀನಿ."

ಮತಗಟ್ಟೆಯ ಅಧಿಕಾರಿ ಹರಪನಹಳ್ಳಿ ಕಡೆಯ ಮೇಷ್ಟ್ರು. ಕನ್ನಡಕದ ಮೇಲಿಂದ ನನ್ನ ಕೈ ನೋಡಿದರು. "ಕಾಲು ನೋವಿಗೆ ಜೊತೆಗಾರರನ್ನ ಬಿಡೋ ಹಂಗಿಲ್ಲ ಕಣ್ರಿ. ಅಮ್ಮಂದು ಬೆರಳು ಸರಿ ಐತಲ್ಲ?"

ಸರಿ ಇದೆ ಅಂದೆ. ಆ ವಾರದಲ್ಲಿ ನನ್ನ ದೇಹದಲ್ಲಿ ಏನೋ ಒಂದು ಸರಿ ಇದೆ ಎಂದು ಸರ್ಕಾರ ಒಪ್ಪಿಕೊಂಡದ್ದು ಅದೊಂದೇ. ಕುಂಟುತ್ತಾ ಹೋಗಿ ಒತ್ತಿದೆ. ಪಕ್ಕದ ಪೆಟ್ಟಿಗೆಯ ಗಾಜಿನೊಳಗೆ ಚೀಟಿ ಏಳು ಸೆಕೆಂಡು ಕಾಣಿಸಿ ಕೆಳಗೆ ಬಿತ್ತು. ಏಳು ಸೆಕೆಂಡಿಗೆ ನಾನು ಒಂದು ಕರೆಂಟ್ ಕಂಬದಿಂದ ಇನ್ನೊಂದಕ್ಕೆ ಅರ್ಧ ದಾರಿ ಓಡುತ್ತಿದ್ದೆ. ಓಡುತ್ತಿದ್ದೆ ಅನ್ನುವುದು ಹೀಗೇ, ಹಿಂದಿನ ಕಾಲದಲ್ಲಿ ನೆನಪಾಯಿತು.

ಮುಂದಿನದು ಅತ್ತೆಯ ಸರದಿ. ಕಣ್ಣು ಕಾಣದವರು ಜೊತೆಗೆ ಒಬ್ಬರನ್ನು ಕರೆದೊಯ್ಯಬಹುದು. ಅಧಿಕಾರಿ ಕೇಳುವ ಮೊದಲೇ ನನ್ನ ಗಂಡ ಮುಂದೆ ಬಂದಿದ್ದರು.

"ನೀ ಬ್ಯಾಡಪ್ಪ" ಅಂದರು ಅತ್ತೆ. "ಸೊಸಿ ಬರ್ಲಿ."

"ಆಕಿಗೆ ಕಾಲು ನೋವು ಐತವ್ವ."

"ನನಗ ಬೇಕಾಗಿರೋದು ಆಕಿ ಕಣ್ಣು."

ನನ್ನಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಇವರು ಹಾಕಿದ ಮತವನ್ನು ಯಾರಿಗೂ ಹೇಳುವುದಿಲ್ಲ ಅಂತ. ಬಲಗೈ ತೋರುಬೆರಳಿಗೂ ಶಾಯಿ ಹಚ್ಚಿದರು. ಕುಂಟಿಯೊಬ್ಬಳು, ಕುರುಡಿಯೊಬ್ಬಳು, ಒಬ್ಬರಿಗೊಬ್ಬರು ಆತುಕೊಂಡು ರಟ್ಟಿನ ಹಿಂದೆ ಹೋದೆವು. ನಾನು ಮೇಲಿನಿಂದ ಒಂದೊಂದೇ ಗುರುತನ್ನು ಪಿಸುಮಾತಿನಲ್ಲಿ ಹೇಳುತ್ತಾ ಬಂದೆ. ಒಂದು ಗುರುತಿಗೆ ಬಂದಾಗ ಅತ್ತೆ ನನ್ನ ಮುಂಗೈ ಗಟ್ಟಿಯಾಗಿ ಹಿಡಿದರು.

"ಅದ. ಒತ್ತು."

ಯಾವುದು ಅಂತ ಹೇಳುವುದಿಲ್ಲ, ಬರೆದು ಕೊಟ್ಟಿದ್ದೇನೆ. ಅದು ನನ್ನ ಗಂಡ ಹೇಳಿದ್ದಾಗಿರಲಿಲ್ಲ ಎಂದಷ್ಟೇ ಹೇಳಿದರೆ ಗುಟ್ಟು ಒಡೆದಂತೆ ಆಗುತ್ತದೆಯೇ ಎಂದು ಅಧಿಕಾರಿಯನ್ನು ಕೇಳಲು ಮರೆತೆ.

ಹೊರಗೆ ಬಂದಾಗ ನನ್ನ ಗಂಡ ಕೇಳಿದರು, "ಸರಿ ಒತ್ತಿದ್ರಿಲ್ಲ ಇಬ್ಬರೂ?"

"ನೀ ಹೇಳಿದ್ದಕ್ಕ ಒತ್ತೀವಪ್ಪ" ಅಂದರು ಅತ್ತೆ. ಥೇಟ್ ನನ್ನದೇ ದನಿ. ಇಪ್ಪತ್ತು ವರ್ಷ ಒಂದೇ ಒಲೆಯಲ್ಲಿ ಅಡುಗೆ ಮಾಡಿದ್ದೇವೆ, ಈ ದನಿಯನ್ನು ನಾನು ಗುರುತಿಸಿರಲಿಲ್ಲ.

ಆಮೇಲಿನ ದಿನಗಳಲ್ಲಿ ವಿಶೇಷವೇನೂ ಇಲ್ಲ. ಐದಕ್ಕೆ ಎಚ್ಚರವಾಗುತ್ತಿತ್ತು, ಫ್ಯಾನ್ ನೋಡುತ್ತಾ ಮಲಗಿರುತ್ತಿದ್ದೆ. ಕಾಲಿನ ಮೇಲೆ ಮೊದಲು ನೀಲಿ, ಆಮೇಲೆ ಹಳದಿ ಬಣ್ಣ ಬಂತು. ಹೊಲಿಸಲು ಕೊಟ್ಟವರು ಕೇಳಲು ಬಂದರು, ವಾಪಸು ಹೋದರು. ಅಟ್ಟದ ಕಡೆ ನೋಡುವುದನ್ನೂ ಬಿಟ್ಟೆ. ಇಷ್ಟಕ್ಕೇ ಮುಗಿಯಿತು ಅಂದುಕೊಂಡೆ, ಹಾಗೆ ಅಂದುಕೊಂಡಾಗಲೂ ದುಃಖವಾಗಲಿಲ್ಲ. ಅದೇ ನನಗೆ ಹೆದರಿಕೆ ತರಿಸಿತು.

ಶನಿವಾರ ಬೆಳಿಗ್ಗೆ ಐದಕ್ಕೆ ಅತ್ತೆ ನನ್ನ ಭುಜ ತಟ್ಟಿದರು. ನನ್ನ ಗಂಡ ಒಳಗೆ ಮಲಗಿದ್ದರು. ಅತ್ತೆ ನನ್ನನ್ನು ತಮ್ಮ ಮಂಚದವರೆಗೆ ಕರೆದೊಯ್ದು, ಅದರ ಕೆಳಗಿನಿಂದ ಕಾಲಲ್ಲೇ ಒಂದು ಚೀಲ ಎಳೆದರು. ಒಳಗೆ ನನ್ನ ಶೂಗಳಿದ್ದವು.

"ಪಾತ್ರಿ ತಿಕ್ಕಾಕ ಬರಾಕಿ ಕೈಲೆ ಅಟ್ಟದಿಂದ ಇಳಿಸೀನಿ. ವಾರ ಆತು, ಡಾಕ್ಟ್ರು ನಡಿ ಅಂದಾರಲ್ಲ, ನಡಿ. ಓಡಾದು ಕಾಲು ಹೇಳಿದಾಗ ಓಡಂತಿ."

"ಓಡ್ತಿದ್ದದ್ದು ನಿಮಗ ಗೊತ್ತಿತ್ತೇನ್ರಿ ಅತ್ತಿ?"

"ಕಣ್ಣು ಕಾಣಂಗಿಲ್ಲವ್ವ, ಕಿವಿ ಕೇಳ್ತಾವು. ನಡದು ಬಂದಾಕಿ ಉಸುರು ಹಂಗ ಇರ್ತೈತೇನು? ಮೂರು ವರ್ಷ ದಿನಾ ಕೇಳೀನಿ."

ಮಂಚದ ಅಂಚಿಗೆ ಕೂತು ಲೇಸ್ ಕಟ್ಟುವಾಗ ನನ್ನ ಎರಡೂ ತೋರುಬೆರಳುಗಳ ಶಾಯಿ ಕಾಣಿಸಿತು. ಕಣ್ಣು ತುಂಬಿಕೊಂಡಿತು. ಎಡಗಾಲನ್ನು ಶೂ ಒಳಗೆ ತುರುಕಿದಾಗ ಮೀನಖಂಡ ಜೋರಾಗಿ ನೋಯಿತು, ಆ ವಾರ ಮೊದಲ ಬಾರಿಗೆ ನನಗೆ ಸರಿಯಾಗಿ ನೋವಾಯಿತು.

"ಅವರು ಎದ್ದು ಕೇಳಿದ್ರ ಏನಂತೀರಿ?" ಅಂದೆ.

ಅತ್ತೆ ಆಗಲೇ ಬಾಗಿಲಿನ ಚಿಲಕ ಸದ್ದಿಲ್ಲದೆ ಸರಿಸುತ್ತಿದ್ದರು.

"ವಾಕಿಂಗಿಗೆ ಹೋಗ್ಯಾಳ ಅಂತೀನಿ."