ಎಡೆ ಕೋಣೆಯ ಕೆಮ್ಮು

ಮಕ್ಕಳನ್ನು ನಗಿಸುವುದರಲ್ಲಿ ನನಗೆ ಸೋಲೇ ಇಲ್ಲ ಎಂಬ ಜಂಬ ಬಹಳ ವರ್ಷ ಇತ್ತು. ಇಪ್ಪತ್ತೆರಡು ವರ್ಷ ಕನ್ನಡ ಪಾಠ ಮಾಡಿದ್ದೇನೆ. ನನ್ನ ವ್ಯಾಕರಣಕ್ಕೆ ಆಕಳಿಸಿದ ಮಕ್ಕಳಿದ್ದಾರೆ, ಹಳಗನ್ನಡಕ್ಕೆ ನಿದ್ದೆ ಹೋದವರಿದ್ದಾರೆ. ಆದರೆ ನನ್ನ ಅಳಿಯನ ಕತೆ ಕೇಳಿ ನಗದೆ ಕೂತ ತರಗತಿ ಒಂದೂ ಇರಲಿಲ್ಲ. ಆ ಜಂಬ ಇಳಿದದ್ದು ನಂದಿಗುಡಿ ದಾರಿಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ, ಒಂದು ಶನಿವಾರ ಬೆಳಿಗ್ಗೆ, ಒಂಬತ್ತನೇ ತರಗತಿಯ ಮುಂದೆ.

ಆ ಶಾಲೆಗೆ ವರ್ಗವಾಗಿ ಬಂದು ನಾಲ್ಕು ತಿಂಗಳೂ ಆಗಿರಲಿಲ್ಲ. ಅದಕ್ಕೂ ಮೊದಲು ಹರಿಹರದ ಪೇಟೆಯೊಳಗಿನ ಶಾಲೆಯಲ್ಲಿದ್ದೆ. ಮನೆ ಮಾತ್ರ ಮೊದಲಿನಿಂದಲೂ ದಾವಣಗೆರೆಯ ಎಂ.ಸಿ.ಸಿ. ಬಡಾವಣೆ, ಬಿ ಬ್ಲಾಕ್. ಸ್ಕೂಟರನ್ನು ಬಸ್ ನಿಲ್ದಾಣದಲ್ಲಿ ಬಿಟ್ಟು ಹರಿಹರಕ್ಕೆ ಒಂದು ಬಸ್ಸು, ಅಲ್ಲಿಂದ ಹಳ್ಳಿಗೆ ಇನ್ನೊಂದು ಬಸ್ಸು. ಸಂಜೆ ಅದೇ ದಾರಿ ವಾಪಸ್ಸು.

ಅಳಿಯನ ಕತೆ ಪಠ್ಯದ್ದಲ್ಲ, ನಾನೇ ಬರೆದದ್ದು. ಹಾಸ್ಯ ಬರೆಯುವುದು ಹೇಗೆ, ನಗು ಬರುವ ಮುಂಚೆ ಎಷ್ಟು ಹೊತ್ತು ಸುಮ್ಮನಿರಬೇಕು ಎಂದು ಮಕ್ಕಳಿಗೆ ತೋರಿಸಲು ಪ್ರತಿ ವರ್ಷ ಹಿರಿಯರ ಹಬ್ಬ ಹತ್ತಿರ ಬಂದಾಗ ಅದನ್ನು ಹೇಳುತ್ತಿದ್ದೆ. ಮಹಾಲಯ ಅಮಾವಾಸ್ಯೆಗೆ ನಮ್ಮ ಕಡೆ ತೀರಿಹೋದವರಿಗೆ ಎಡೆ ಇಡುತ್ತಾರಲ್ಲ, ಕತೆ ನಡೆಯುವುದು ಅವತ್ತೇ. ಹೊಸ ಬಟ್ಟೆ ಇಟ್ಟು, ಹೋದವರಿಗೆ ಇಷ್ಟವಾಗಿದ್ದನ್ನೆಲ್ಲ ಎಲೆಗೆ ಬಡಿಸಿ, ಆ ಕೋಣೆಯ ಬಾಗಿಲು ಮುಚ್ಚಿ ಮನೆಮಂದಿಯೆಲ್ಲ ಹೊರಗೆ ಬಂದು ಕೂರುತ್ತಾರೆ. ಅವರು ಉಣ್ಣುವುದನ್ನು ನಾವು ನೋಡಬಾರದು. ಸ್ವಲ್ಪ ಹೊತ್ತಾದ ಮೇಲೆ ಮನೆಯ ಗಂಡಸು ಬಾಗಿಲ ಹತ್ತಿರ ಹೋಗಿ ಕೆಮ್ಮುತ್ತಾನೆ. ನಾವು ಬರುತ್ತಿದ್ದೇವೆ, ಉಂಡಾಗಿದ್ದರೆ ಏಳಿ ಎನ್ನುವುದಕ್ಕೆ ಅದೇ ಸೂಚನೆ. ಆಮೇಲೆ ಬಾಗಿಲು ತೆಗೆಯುವುದು.

ನನ್ನ ಕತೆಯಲ್ಲಿ ಹಸಿವು ತಡೆಯದ ಅಳಿಯನೊಬ್ಬ ಅತ್ತೆ ಮನೆಯ ಎಡೆ ಕೋಣೆಗೆ ಮೆಲ್ಲಗೆ ನುಗ್ಗುತ್ತಾನೆ. ಗೊತ್ತಿಲ್ಲದ ಅತ್ತೆ ಬಾಗಿಲು ಮುಚ್ಚುತ್ತಾಳೆ. ಅಳಿಯ ಒಳಗೆ ಕೂತು ಕಡುಬು ಹೊಡೆಯುತ್ತಾನೆ. ಹೊರಗೆ ಮನೆಯ ಯಜಮಾನ ಕೆಮ್ಮುತ್ತಾನೆ. ಗಾಬರಿಯಲ್ಲಿ ಕಡುಬು ಗಂಟಲಿಗೆ ಸಿಕ್ಕಿ ಅಳಿಯನೂ ಒಳಗಿನಿಂದ ಕೆಮ್ಮುತ್ತಾನೆ. ಹೊರಗಿದ್ದವರೆಲ್ಲ ಬಾಗಿಲಿಗೆ ಅಡ್ಡಬಿದ್ದು ತಾತನಿಗೆ ತಮ್ಮ ತಮ್ಮ ತಪ್ಪು ಒಪ್ಪಿಸತೊಡಗುತ್ತಾರೆ. ಮಕ್ಕಳು ಬೆಂಚು ಬಡಿದು ನಗುತ್ತಿದ್ದದ್ದು ಅಲ್ಲಿ, ಒಳಗಿನ ಕೆಮ್ಮಿಗೆ. ಆ ಕೆಮ್ಮನ್ನು ನಾನು ವರ್ಷಕ್ಕೊಂದು ಥರ ಮಾಡುತ್ತಿದ್ದೆ. ಮನೆಯಲ್ಲಿ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡುವಾಗ ಹೆಂಡತಿ ಶುಂಠಿ ಕಷಾಯ ತಂದುಕೊಟ್ಟದ್ದೂ ಉಂಟು.

ಆ ವರ್ಷದ ಕೆಮ್ಮು ನನಗೆ ಬಹಳ ಹಿಡಿಸಿತ್ತು. ಮೂರು ಒಣ ಕೆಮ್ಮು, ಆಮೇಲೆ ನಿಂತೇ ಹೋಯಿತೇನೋ ಅನ್ನುವಷ್ಟು ಬಿಡುವು, ಆಮೇಲೆ ಎದೆಯ ತಳದಿಂದ ಎಳೆದು ಬರುವ ಒಂದು ಉದ್ದ ಕೆಮ್ಮು, ಕೊನೆಗೆ ಮೆಲ್ಲಗೆ ‘ಶಿವನೇ’. ಎಲ್ಲಿಂದ ಹೊಳೆಯಿತೋ ಗೊತ್ತಿಲ್ಲ, ನನ್ನದೇ ಪ್ರತಿಭೆ ಎಂದುಕೊಂಡಿದ್ದೆ.

ಶನಿವಾರ ಕತೆ ಚೆನ್ನಾಗಿಯೇ ಶುರುವಾಯಿತು. ಅಳಿಯ ಕಡುಬಿಗೆ ಕೈ ಹಾಕಿದಾಗ ಹುಡುಗರು ಕಿಸಕ್ಕೆಂದರು. ನಾನು ಯಜಮಾನನಂತೆ ಕೆಮ್ಮಿದೆ, ಸುಮ್ಮನಾದೆ, ಮಕ್ಕಳ ಮುಖ ನೋಡಿದೆ. ಆಮೇಲೆ ಒಳಗಿನ ಕೆಮ್ಮು ಕೆಮ್ಮಿದೆ. ಮೂರು, ಬಿಡುವು, ಉದ್ದದ್ದು, ಶಿವನೇ.

ಯಾರೂ ನಗಲಿಲ್ಲ.

ನಗಲಿಲ್ಲ ಅಷ್ಟೇ ಅಲ್ಲ, ಯಾರೂ ನನ್ನನ್ನು ನೋಡುತ್ತಲೂ ಇರಲಿಲ್ಲ. ನಲವತ್ತು ಮಕ್ಕಳೂ ನನ್ನ ಎಡಕ್ಕಿದ್ದ ತರಗತಿಯ ಬಾಗಿಲ ಕಡೆ ನೋಡುತ್ತಿದ್ದರು. ಎರಡನೇ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಿದ್ದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಕರೆಯಲು ಬಂದವರನ್ನು ಕಂಡಾಗ ಮಕ್ಕಳು ಹೇಗೆ ಏಳುತ್ತಾರೋ ಹಾಗೆ ಚೀಲ ಕೈಗೆ ತೆಗೆದುಕೊಂಡಿದ್ದಳು. ನಾನೂ ತಿರುಗಿ ನೋಡಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ, ಹೊರಗೆ ಅಂಗಳದಲ್ಲಿ ಬಿಸಿಲಿತ್ತು.

“ಕೂಡ್ರವ್ವ, ಯಾಕ ಎದ್ದಿ?” ಅಂದೆ. ಅವಳು ಕೂರಲಿಲ್ಲ. ಬಾಗಿಲವರೆಗೆ ಹೋದಳು, ಆಚೆ ಈಚೆ ನೋಡಿದಳು, ಹಾಗೇ ಗೇಟು ದಾಟಿ ಹೊರಟುಹೋದಳು. ನನಗೆ ಸಿಟ್ಟು ಬಂತು. ಕತೆಯನ್ನು ಅರ್ಧಕ್ಕೇ ಬಿಟ್ಟು ಸಂಧಿ ಬರೆಯಲು ಹೇಳಿ ಕುರ್ಚಿಯಲ್ಲಿ ಕೂತೆ.

ಪಾಠ ಮುಗಿದ ಮೇಲೆ ಬಿಸಿಯೂಟದ ಅಡಿಗೆಯಾಕೆ ಕೈ ಒರೆಸಿಕೊಳ್ಳುತ್ತ ಬಂದಳು. ಅದೇ ಊರಿನವಳು.

“ಸರ್, ನೀವು ಅಂವನ್ನ ಯಾವಾಗ ನೋಡಿದ್ರಿ?”

“ಯಾರನ್ನಮ್ಮ?”

“ಎದ್ದು ಹೋದ್ಲಲ್ರಿ, ಆ ಹುಡುಗಿ ಅಪ್ಪನ್ನ. ಒಲಿ ಮುಂದೆ ಕೆಮ್ಮು ಕೇಳಿದ್ ಕೂಡ್ಲೇ ನನ್ನ ಕೈಯಾಗಿನ ಸೌಟು ಬಿತ್ತು ನೋಡ್ರಿ. ದಿನಾ ಬೆಳಿಗ್ಗೆ ಮಗಳನ್ನ ಬಿಡಾಕೆ ಬರ್ತಿದ್ದ. ಕ್ಲಾಸಿನ ಬಾಗ್ಲಾಗೆ ನಿಂತು ಹಿಂಗೇ ಕೆಮ್ಮಿ, ಶಿವನೇ ಅಂದು ಹೋಗ್ತಿದ್ದ. ತೀರ್ಕೊಂಡು ವರ್ಷದ ಮ್ಯಾಲಾತು.”

“ನಾನು ಈ ಊರಿಗೆ ಬಂದಿದ್ದೇ ಈ ಜೂನ್‌ನಾಗಮ್ಮ.”

“ಅದಕ್ಕೇ ಕೇಳಿದ್ದು ನಾನು,” ಅಂದಳು.

ಸುಳ್ಳು ಹೇಳುವುದಿಲ್ಲ, ಅವತ್ತು ಖಾಲಿಯಾದ ಶಾಲೆಯ ಕಾರಿಡಾರಿನಲ್ಲಿ ಒಬ್ಬನೇ ನಡೆಯಲು ಹೆದರಿದೆ. ನನ್ನ ಗಂಟಲು ನನ್ನದಲ್ಲ ಅನ್ನಿಸುತ್ತಿತ್ತು. ಎಂಜಲು ನುಂಗಿದರೂ ಕೆಮ್ಮು ಬಂದೀತು ಎಂದು ಭಯ.

ಗೊತ್ತಾದದ್ದು ಬಸ್ಸಿನಲ್ಲಿ. ಹರಿಹರದಲ್ಲಿ ದಾವಣಗೆರೆ ಬಸ್ಸು ಹತ್ತಿ, ಯಾವಾಗಲೂ ಕೂರುವ ಡ್ರೈವರ್ ಹಿಂದಿನ ಮೂರನೇ ಸೀಟಿನಲ್ಲಿ ಕೂತೆ. ಹಿಂದಿನ ಸೀಟಿನಲ್ಲಿ ಯಾರೋ ಕೂತ ಸದ್ದಾಯಿತು. ಅಷ್ಟಕ್ಕೇ ನೆನಪಾಯಿತು. ನಾನಿನ್ನೂ ಹರಿಹರದ ಶಾಲೆಯಲ್ಲಿದ್ದಾಗ, ಸಂಜೆಯ ಬಸ್ಸಿನಲ್ಲಿ, ವಾರಕ್ಕೊಮ್ಮೆ ನನ್ನ ಬೆನ್ನ ಹಿಂದೆ ಆ ಕೆಮ್ಮು ಬರುತ್ತಿತ್ತು. ಮೂರು, ಬಿಡುವು, ಉದ್ದದ್ದು, ಶಿವನೇ. ಎಷ್ಟು ತಿಂಗಳು ಕೇಳಿದೆನೋ. ಕಾಯಿಲೆ ಇಟ್ಟುಕೊಂಡು ಬಸ್ಸು ಯಾಕೆ ಹತ್ತುತ್ತಾರೋ ಎಂದು ಮನಸ್ಸಿನಲ್ಲೇ ಬೈದಿದ್ದೆ, ಮೂಗಿಗೆ ಕರವಸ್ತ್ರ ಹಿಡಿದಿದ್ದೆ, ಒಂದು ದಿನ ಎದ್ದು ಮುಂದಿನ ಸೀಟಿಗೂ ಹೋಗಿದ್ದೆ. ಒಂದು ಸಲವೂ ತಿರುಗಿ ನೋಡಿರಲಿಲ್ಲ. ಆಮೇಲೆ ಯಾವಾಗಲೋ ಅದು ನಿಂತಿತು, ನಿಂತದ್ದೂ ನನ್ನ ಗಮನಕ್ಕೆ ಬರಲಿಲ್ಲ.

ಸೋಮವಾರ ಅಡಿಗೆಯಾಕೆಯನ್ನು ಕೇಳಿದೆ. ಹೌದಂತೆ. ಹರಿಹರದ ಅಕ್ಕಿ ಗಿರಣಿಯಲ್ಲಿ ಕೆಲಸ. ಹೊಟ್ಟಿನ ಧೂಳಿಗೆ ಎದೆ ಕೆಟ್ಟು, ವಾರಕ್ಕೊಮ್ಮೆ ಕೆಲಸ ಮುಗಿಸಿ ಸಂಜೆ ಬಸ್ಸಿಗೆ ದಾವಣಗೆರೆಗೆ ಹೋಗಿ ಡಾಕ್ಟರಿಗೆ ತೋರಿಸುತ್ತಿದ್ದ. ಡಾಕ್ಟರ ದವಾಖಾನೆ ನಮ್ಮ ಎಂ.ಸಿ.ಸಿ. ಬಡಾವಣೆಯಲ್ಲೇ. ನಾನೂ ಅವನೂ ಒಂದೇ ಬಸ್ಸಿಳಿದು ಒಂದೇ ದಿಕ್ಕಿಗೆ ಹೋಗಿದ್ದೇವೆ, ನಾನು ಸ್ಕೂಟರಿನಲ್ಲಿ, ಅವನು ನಡೆದುಕೊಂಡು.

ಭಯ ಹೋಯಿತು, ಅದರ ಜಾಗಕ್ಕೆ ನಾಚಿಕೆ ಬಂತು. ಆದರೆ ಅಡಿಗೆಯಾಕೆ ಹೇಳಿದ ಇನ್ನೊಂದು ಮಾತು ಕೇಳಿ ಮತ್ತೆ ಭಯವಾಯಿತು.

“ಆ ಹುಡುಗಿ ಶನಿವಾರದಿಂದ ಹೊಸ್ತಿಲ ಹತ್ರಾನೇ ಕೂತೈತ್ರಿ. ಅಪ್ಪಾಜಿ ಶಾಲಿತನಕ ಬಂದಾರೆ, ಮನಿಗೆ ಬರೋದೇನು ದೂರ ಅಂತೈತೆ. ಉಣ್ಣಾಕೂ ಒಳಗೆ ಬರವಲ್ದು. ಅವರವ್ವ ಅತ್ತೂ ಅತ್ತೂ ಸಾಕಾಗ್ಯಾಳೆ.”

ಆ ವಾರ ಎರಡನೇ ಬೆಂಚಿನ ಜಾಗ ಖಾಲಿಯೇ ಇತ್ತು. ಪಕ್ಕದ ಹುಡುಗಿಯರು ಅಲ್ಲಿಗೆ ಸರಿದು ಕೂರಲೂ ಇಲ್ಲ. ನಾನು ಪಾಠ ಮಾಡುವಾಗ ಗಂಟಲು ಸರಿಮಾಡಿಕೊಂಡರೆ ಸಾಕು, ಮಕ್ಕಳ ಕಣ್ಣು ಬಾಗಿಲಿಗೆ ಹೋಗುತ್ತಿತ್ತು. ನಾನೇ ಕಟ್ಟಿಕೊಟ್ಟ ಭ್ರಮೆ, ನಾನೇ ಬಿಡಿಸಬೇಕಿತ್ತು. ಇಲ್ಲದಿದ್ದರೆ ಆ ಹುಡುಗಿ ಹೊಸ್ತಿಲು ಬಿಟ್ಟು ಏಳುವುದಿಲ್ಲ ಎಂದು ಗೊತ್ತಿತ್ತು. ಆದರೂ ನಾಳೆ ಹೋದರಾಯಿತು ಎನ್ನುತ್ತ ಅಮಾವಾಸ್ಯೆವರೆಗೂ ತಳ್ಳಿದೆ. ಹೇಡಿತನ, ಬೇರೇನಲ್ಲ.

ಅಮಾವಾಸ್ಯೆಯ ದಿನ ಶಾಲೆಗೆ ರಜೆ. ಮಧ್ಯಾಹ್ನದ ಹೊತ್ತಿಗೆ ಆ ಮನೆ ಮುಟ್ಟಿದೆ. ದಾರಿಯುದ್ದಕ್ಕೂ ಒಂದು ಜನ ಇಲ್ಲ, ಎಲ್ಲ ಮನೆಗಳಲ್ಲೂ ಎಡೆಯ ಗಡಿಬಿಡಿ. ಹುಡುಗಿ ಹೊಸ್ತಿಲ ಪಕ್ಕದಲ್ಲಿದ್ದಳು. ಕಣ್ಣು ಒಳಗೆ ಹೋಗಿದ್ದವು. ನನ್ನನ್ನು ಕಂಡು, ನನ್ನ ಬೆನ್ನ ಹಿಂದೆ ಮತ್ತೆ ಯಾರಾದರೂ ಇದ್ದಾರಾ ಎಂದು ಬಗ್ಗಿ ನೋಡಿದಳು. ನನಗೂ ತಿರುಗಿ ನೋಡಬೇಕೆನ್ನಿಸಿತು.

“ಬರ್ರಿ ಮೇಷ್ಟ್ರೇ, ಕೂಡ್ರಿ,” ಅಂತ ಅವಳ ಅಜ್ಜಿ ಕಂಬಳಿ ಹಾಸಿದರು. ತಾಯಿ ಮಾತಾಡಿಸಲಿಲ್ಲ. ಎಡೆ ಆಗಲೇ ಸಿದ್ಧವಾಗಿತ್ತು. ಬಾಗಿಲು ಮುಚ್ಚುವ ಮುಂಚೆ ಒಂದು ಗಳಿಗೆ ಕಣ್ಣಿಗೆ ಬಿತ್ತು. ಹೊಸ ಪಂಚೆ, ಟವೆಲ್ಲು, ಎಲೆಯ ಮೇಲೆ ಕಡುಬು, ಹೋಳಿಗೆ, ಹೀರೇಕಾಯಿ ಪಲ್ಯ, ಕಾಗದದಲ್ಲಿ ಕಟ್ಟಿದ ಮಂಡಕ್ಕಿ ಮೆಣಸಿನಕಾಯಿ. ಎಲೆಯ ಪಕ್ಕದಲ್ಲಿ ಅರ್ಧ ಉಳಿದ ಕೆಮ್ಮಿನ ಔಷಧದ ಬಾಟಲಿ. ಅದನ್ನು ಹುಡುಗಿಯೇ ಹೇಳಿ ಇಡಿಸಿದ್ದಂತೆ. ವರ್ಷ ತುಂಬಿದ ಮೇಲೆ ಅವನನ್ನು ಹಿರಿಯರ ಜೊತೆ ಕೂರಿಸುತ್ತಿದ್ದದ್ದು ಇದೇ ಮೊದಲು.

ಎಲ್ಲರೂ ಜಗಲಿಗೆ ಬಂದು ಕೂತೆವು. ಮುಚ್ಚಿದ ಬಾಗಿಲ ಆಚೆ ಕಾಗದ ಸರಸರ ಅಂದ ಹಾಗಾಯಿತು. ಗಾಳಿ ಇರಲಿಲ್ಲ. ಬೆಕ್ಕೇ ಎಂದು ನಾನು ಅಜ್ಜಿಯ ಮುಖ ನೋಡಿದೆ. ಅಜ್ಜಿ ನೆಲ ನೋಡುತ್ತಿದ್ದರು. ಮತ್ತೆ ಸದ್ದು ಬರಲಿಲ್ಲ.

“ಹೊತ್ತಾತು,” ಅಂದರು ಅಜ್ಜಿ. “ಮನ್ಯಾಗೆ ಗಂಡಸ್ರಿಲ್ಲ ಮೇಷ್ಟ್ರೇ. ಇಷ್ಟು ವರ್ಷ ಅವರಪ್ಪಗೆ, ಅಜ್ಜಗೆ ಬಾಗ್ಲಾಗೆ ನಿಂತು ಕೆಮ್ಮಿದಂವ ನನ್ನ ಮಗ. ಈಗ ಅಂವನೇ ಒಳಗದಾನೆ. ನೀವೇ ಕೆಮ್ಮಿ ಬಿಡ್ರಿ. ಅಂವನಂಗೇ ಕೆಮ್ತೀರಂತಲ್ಲ.”

ಹುಡುಗಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನು ಆ ಕೆಮ್ಮು ಕೆಮ್ಮಿದರೆ ಅವಳು ಜನ್ಮಪೂರ್ತಿ ಆ ಹೊಸ್ತಿಲು ಕಾಯುತ್ತಾಳೆ ಅನ್ನಿಸಿತು. ಅವಳ ಮುಂದೆ ಕುಕ್ಕುರುಗಾಲಲ್ಲಿ ಕೂತೆ.

“ನೋಡವ್ವ, ಅವತ್ತು ಶಾಲೆಯಾಗೆ ಕೆಮ್ಮಿದ್ದು ನಿಮ್ಮಪ್ಪ ಅಲ್ಲ, ನಾನು. ಮೊದ್ಲು ಹರಿಹರದ ಬಸ್ಸಿನಾಗೆ ಅವರು ನನ್ನ ಹಿಂದಿನ ಸೀಟ್ನಾಗೆ ಕೂತು ಕೆಮ್ಮೋರು. ಕೇಳಿ ಕೇಳಿ ನನ್ನ ಗಂಟಲಾಗೆ ಕೂತ್ಬಿಟ್ಟಿತ್ತು. ಯಾರದು ಅಂತ ಗೊತ್ತಿಲ್ದೆ ನಗಸಾಕೆ ಮಾಡ್ಬಿಟ್ಟೆ. ತಪ್ಪಾತವ್ವ.”

ಅವಳು ನನ್ನ ಬಾಯಿಯಿಂದ ಕಣ್ಣಿಗೆ ನೋಟ ಎತ್ತಿದಳು. “ಅಪ್ಪಾಜಿ ಅವಾಗ ಹೆಂಗಿದ್ರು ಸರ್? ಸುಸ್ತಾಗಿದ್ರಾ?”

“ನೋಡ್ಲಿಲ್ಲವ್ವ. ಒಂದು ಸಲಾನೂ ತಿರುಗಿ ನೋಡ್ಲಿಲ್ಲ.”

“ಹೋಗ್ಲಿ ಬಿಡ್ರಿ,” ಅಂದಳು. “ಅವರು ನಿಮ್ಮನ್ನ ನೋಡಿರ್ತಾರೆ.”

ನನ್ನ ಕುತ್ತಿಗೆಯ ಹಿಂಭಾಗ ಜುಮ್ಮೆಂದಿತು. ಆ ಮಾತಿನಲ್ಲಿ ಕೊಂಕಿರಲಿಲ್ಲ, ನನಗೆ ಸಮಾಧಾನ ಹೇಳುತ್ತಿದ್ದಳು. ಆಮೇಲೆ ಎದ್ದಳು. “ನೀವು ಕೆಮ್ಮಾದು ಬ್ಯಾಡ್ರಿ. ನಾನೇ ಕೆಮ್ತೀನಿ.” ಬಾಗಿಲ ಹತ್ತಿರ ಹೋಗಿ ಕೆಮ್ಮಿದಳು. ಮೂರು, ಬಿಡುವು, ಉದ್ದದ್ದು, ಶಿವನೇ. ನಾನು ಮಾಡಿದ್ದು ಅದರ ಮುಂದೆ ಬರೀ ನಕಲು. ತಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಹುಡುಗಿ ಬಾಗಿಲು ನೂಕಿದಳು.

ಎಲ್ಲ ಇಟ್ಟ ಹಾಗೇ ಇತ್ತು. ಮಂಡಕ್ಕಿಯ ಕಾಗದ ಮಾತ್ರ ಬಿಚ್ಚಿಕೊಂಡಿತ್ತು. ಮೊದಲೇ ಬಿಚ್ಚಿತ್ತೋ ಏನೋ, ನಾನು ಸರಿಯಾಗಿ ನೋಡಿರಲಿಲ್ಲ. ಹುಡುಗಿ ಎಲೆಯ ಮುಂದೆ ಕೂತು, ವಾರದ ಹಸಿವೆಲ್ಲ ಬಂದವಳಂತೆ ಉಂಡಳು. ತಾಯಿ ಒಳಗಿನಿಂದ ನನಗೂ ಒಂದು ಎಲೆ ತಂದು ಹಾಕಿದಳು.

ಮರುದಿನ ಅವಳು ಶಾಲೆಗೆ ಬಂದಳು. ನಾನು ಪುಸ್ತಕ ತೆರೆಯುವಷ್ಟರಲ್ಲಿ ಎದ್ದು ನಿಂತಳು. “ಸರ್, ಅವತ್ತಿನ ಕತಿ ಅರ್ಧಕ್ಕೇ ನಿಂತೈತೆ.”

ಹೇಳಲು ಧೈರ್ಯ ಇರಲಿಲ್ಲ, ಆದರೂ ಶುರು ಮಾಡಿದೆ. ಅಳಿಯ ಒಳಗೆ ಹೋದ, ಬಾಗಿಲು ಮುಚ್ಚಿತು, ಕಡುಬು ಗಂಟಲಿಗೆ ಸಿಕ್ಕಿತು. ಕೆಮ್ಮು ಬರಬೇಕಾದ ಜಾಗಕ್ಕೆ ಬಂದು ಸುಮ್ಮನೆ ನಿಂತುಬಿಟ್ಟೆ. ನನ್ನ ಗಂಟಲಿನಲ್ಲಿ ಏನೂ ಇರಲಿಲ್ಲ. ಆಗ ಕೆಮ್ಮು ಎರಡನೇ ಬೆಂಚಿನಿಂದ ಬಂತು. ಮೂರು, ಬಿಡುವು, ಉದ್ದದ್ದು, ಶಿವನೇ. ಕೆಮ್ಮಿ ಅವಳೇ ಮೊದಲು ನಕ್ಕಳು. ಅವಳ ಹಿಂದೆಯೇ ನಲವತ್ತು ಮಕ್ಕಳೂ ಬೆಂಚು ಬಡಿದು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಅವರೆಲ್ಲ ಅವಳನ್ನೇ ನೋಡುತ್ತಿದ್ದರು.

ಬಾಗಿಲ ಕಡೆ ನೋಡುತ್ತಿದ್ದವನು ನಾನೊಬ್ಬನೇ.